ನೀಲ್ ಸೈಮನ್: ಪದೇ ಪದೇ ಕೇಳುವ ಪ್ರಶ್ನೆಗಳು

ನೀಲ್ ಸೈಮನ್ ಬಗ್ಗೆ ಮಾತು ಬಂದಾಗಲೆಲ್ಲ ಸುತ್ತಿ ಬಳಸಿ ಇವೇ ಪ್ರಶ್ನೆಗಳು ಬರುತ್ತವೆ. ತಾಲೀಮು ಮುಗಿದ ಮೇಲಿನ ಹರಟೆಯಲ್ಲಿ, ಪತ್ರಗಳಲ್ಲಿ, ಮೆಸೇಜುಗಳಲ್ಲಿ ಜನ ಕೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸೈಮನ್ ಹೆಸರು ಹೊಸದು ಅನ್ನುವವರು ಮೇಲಿಂದ ಓದಿ. ನಾಟಕ ಆಡಿಸುವ ಆಲೋಚನೆ ಇರುವವರು ನೇರ ಕೊನೆಯ ಭಾಗಕ್ಕೆ ಹೋದರೂ ಅಡ್ಡಿಯಿಲ್ಲ.

## ಮೊದಲ ಪರಿಚಯ

ನೀಲ್ ಸೈಮನ್ ಅಂದ್ರೆ ಯಾರು? ಹೆಸರು ಎಲ್ಲೋ ಕೇಳಿದ ಹಾಗಿದೆ, ಅಷ್ಟೇ.

ಅಮೆರಿಕದ ನಾಟಕಕಾರ. 1961ರಲ್ಲಿ ಮೊದಲ ನಾಟಕ ಬ್ರಾಡ್‌ವೇ ಹತ್ತಿತು. ಅಲ್ಲಿಂದ ನಲವತ್ತು ವರ್ಷ ನ್ಯೂಯಾರ್ಕಿನ ರಂಗಭೂಮಿಯಲ್ಲಿ ಅವರದ್ದೊಂದು ಹಾಸ್ಯ ನಾಟಕ ಇಲ್ಲದ ಕಾಲ ಕಡಿಮೆ. ಮೂವತ್ತಕ್ಕೂ ಹೆಚ್ಚು ನಾಟಕ ಬರೆದರು, ಸಿನಿಮಾ ಚಿತ್ರಕಥೆಗಳೂ ಸುಮಾರು ಅಷ್ಟೇ. ಹುಟ್ಟಿದ್ದು 1927ರ ಜುಲೈ 4ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ತೀರಿಕೊಂಡದ್ದು 2018ರ ಆಗಸ್ಟ್ 26ರಂದು, ಮ್ಯಾನ್‌ಹಟನ್‌ನಲ್ಲಿ, 91ನೇ ವಯಸ್ಸಿಗೆ.

ಒಬ್ಬ ಮಹಾ ಕೊಳಕ, ಇನ್ನೊಬ್ಬ ಮಹಾ ಮಡಿವಂತ, ಇಬ್ಬರೂ ಒಂದೇ ಮನೆಯಲ್ಲಿ ಬಾಡಿಗೆಗೆ. ಇಂಥ ಕಾಮಿಡಿ ಯಾವ ಭಾಷೆಯಲ್ಲಿ ನೋಡಿದ್ದರೂ ಅದರ ಹಿಂದೆ ಎಲ್ಲೋ ಸೈಮನ್ ಅವರ 'ದಿ ಆಡ್ ಕಪಲ್' ನೆರಳಿರುವ ಸಾಧ್ಯತೆ ಜಾಸ್ತಿ.

ಬ್ರಾಡ್‌ವೇ ಅಂದ್ರೆ ಒಂದು ಥಿಯೇಟರಾ, ರಸ್ತೆಯಾ?

ಮ್ಯಾನ್‌ಹಟನ್‌ನಲ್ಲಿ ಆ ಹೆಸರಿನ ಉದ್ದನೆಯ ರಸ್ತೆ ಇದೆ. ಆದರೆ ನಾಟಕದವರ ಬಾಯಲ್ಲಿ ಬ್ರಾಡ್‌ವೇ ಅಂದರೆ ಆ ರಸ್ತೆಯ ಆಸುಪಾಸಿನ ನಲವತ್ತು ಚಿಲ್ಲರೆ ರಂಗಮಂದಿರಗಳು. ಒಂದೊಂದರಲ್ಲೂ ಐನೂರು ಅಥವಾ ಅದಕ್ಕಿಂತ ಹೆಚ್ಚು ಸೀಟು. ವಾರಕ್ಕೆ ಎಂಟು ಪ್ರದರ್ಶನ. ಟಿಕೆಟ್ ಹೋಗುವಷ್ಟು ದಿನ ನಾಟಕ ನಡೆಯುತ್ತದೆ, ಹೋಗದಿದ್ದರೆ ಮುಂದಿನ ವಾರವೇ ಬಾಗಿಲು ಮುಚ್ಚಬಹುದು. ಮುಂದೆ ನಾನು '1,530 ಪ್ರದರ್ಶನ' ಅಂತೆಲ್ಲ ಬರೆಯುವುದು ಇದೇ ಲೆಕ್ಕದಲ್ಲಿ. ಒಂದೇ ಊರು, ಒಂದೇ ನಾಟಕ, ವರ್ಷಗಟ್ಟಲೆ.

ಬಾಲ್ಯ ತುಂಬಾ ಕಷ್ಟದ್ದಂತೆ. ನಗಿಸುವವರೆಲ್ಲ ಒಳಗೊಳಗೇ ಅತ್ತವರೇನಾ?

ಎಲ್ಲರ ಬಗ್ಗೆ ಹಾಗೆ ಹೇಳಿಬಿಡುವುದು ಸುಮ್ನೆ ಮಾತಿಗೆ ಚೆಂದ. ಸೈಮನ್ ವಿಷಯದಲ್ಲಿ ಮಾತ್ರ ಅದು ನಿಜ.

ಅಪ್ಪ ಅರ್ವಿಂಗ್ ಬಟ್ಟೆ ವ್ಯಾಪಾರದಲ್ಲಿ ಸೇಲ್ಸ್‌ಮನ್. ಅಮ್ಮ ಮೇಮಿ. ಮನೆ ನ್ಯೂಯಾರ್ಕಿನದೇ ಬಡಾವಣೆ ವಾಷಿಂಗ್ಟನ್ ಹೈಟ್ಸ್‌ನಲ್ಲಿ. ಕಾಲ 1930ರ ದಶಕದ ಆರ್ಥಿಕ ಕುಸಿತದ್ದು. ಅಪ್ಪ ಮನೆ ಬಿಟ್ಟು ಹೋಗುವುದು, ತಿಂಗಳುಗಟ್ಟಲೆ ಕಾಣಿಸದಿರುವುದು, ಮತ್ತೆ ಬರುವುದು, ಮತ್ತೆ ಹೋಗುವುದು. ಒಮ್ಮೆ ಹೋದವರು ಹೋದರು ಅಂತಾಗಿದ್ದರೆ ಒಂದು ಲೆಕ್ಕ. ಇಲ್ಲಿ ಪ್ರತಿ ಸಲವೂ ಆಸೆ ಹುಟ್ಟಿ ಪ್ರತಿ ಸಲವೂ ಮುರಿಯುತ್ತಿತ್ತು. ಖರ್ಚು ತೂಗಿಸಲು ಅಮ್ಮ ಮನೆಯಲ್ಲಿ ಬಾಡಿಗೆಗೆ ಜನ ಇಟ್ಟುಕೊಂಡರು. ಅವರಲ್ಲಿ ಇಬ್ಬರು ಮಾಂಸದ ಅಂಗಡಿಯವರು. ಬಾಡಿಗೆಯಲ್ಲಿ ದುಡ್ಡಿಗಿಂತ ಕುರಿಮಾಂಸವೇ ಹೆಚ್ಚು ಬರುತ್ತಿತ್ತಂತೆ! ಈ ಸಂಗತಿಯನ್ನು ಸೈಮನ್ ಮುಂದೆ ನಗುನಗುತ್ತಲೇ ಹೇಳುತ್ತಿದ್ದರು. ಹುಡುಗ ತಪ್ಪಿಸಿಕೊಳ್ಳಲು ಹೋಗುತ್ತಿದ್ದದ್ದು ಸಿನಿಮಾ ಥಿಯೇಟರಿಗೆ. ಚಾಪ್ಲಿನ್ ಚಿತ್ರಕ್ಕೆ ವಿಪರೀತ ಜೋರಾಗಿ ನಕ್ಕು ಹೊರಗೆ ಹಾಕಿಸಿಕೊಂಡದ್ದೂ ಉಂಟು.

ಅವರ ನಾಟಕ ಓದುವಾಗ ಒಂದನ್ನು ಗಮನಿಸಿ. ಯಾರೋ ಪೆಟ್ಟಿಗೆ ಹಿಡಿದು ಮನೆ ಬಿಟ್ಟು ಹೊರಟಿರುತ್ತಾರೆ, ಇಲ್ಲವೇ ಬಿಟ್ಟು ಬಂದಿರುತ್ತಾರೆ. 'ದಿ ಆಡ್ ಕಪಲ್' ಶುರುವಾಗುವುದೇ ಹೆಂಡತಿ ಹೊರಗೆ ಹಾಕಿದ ಗಂಡನಿಂದ. ಅಷ್ಟೊಂದು ನಗುವಿನ ನಡುವೆ ಇದು ಕಣ್ಣಿಗೆ ಬೀಳುವುದಿಲ್ಲ. ಒಮ್ಮೆ ಬಿದ್ದರೆ ಮತ್ತೆ ಮರೆಯುವುದೂ ಇಲ್ಲ.

ಅವರನ್ನು 'ಡಾಕ್' ಅಂತ ಕರೀತಿದ್ರಂತೆ. ಡಾಕ್ಟರೇಟ್ ಇತ್ತಾ?

ಇಲ್ಲ. ಚಿಕ್ಕವರಿದ್ದಾಗ ಆಟದ ಡಾಕ್ಟರ್ ಸೆಟ್ ಇಟ್ಟುಕೊಂಡು ಮನೆಯವರ ಎದೆಬಡಿತ ನೋಡುತ್ತಿದ್ದರು. ಆಗ ಅಂಟಿದ ಹೆಸರು ಕೊನೆವರೆಗೂ ಉಳಿಯಿತು. (ನಾಟಕ ಹದಗೆಟ್ಟಾಗ ಬಂದು ಸರಿಪಡಿಸುವವರನ್ನು ಬ್ರಾಡ್‌ವೇಯಲ್ಲಿ ಪ್ಲೇ ಡಾಕ್ಟರ್ ಅನ್ನುತ್ತಾರೆ. ಆ ಕೆಲಸವನ್ನೂ ಅವರು ಮಾಡಿದ್ದುಂಟು. ಹೆಸರು ಬಂದದ್ದು ಮಾತ್ರ ಅದರಿಂದಲ್ಲ.)

ನಾಟಕಕ್ಕೆ ಮುಂಚೆ ಟೀವಿಗೆ ಬರೀತಿದ್ರಲ್ಲ, ಅದರ ಕಥೆ ಏನು?

ಅಣ್ಣ ಡ್ಯಾನಿ ಎಂಟೂವರೆ ವರ್ಷ ದೊಡ್ಡವರು. ನೀಲ್‌ಗೆ ಅಪ್ಪನ ಜಾಗ ತುಂಬಿದ್ದು ಬಹುಮಟ್ಟಿಗೆ ಅವರೇ. ಸೈನ್ಯದ ವಾಯುಪಡೆಯಲ್ಲಿ ಸ್ವಲ್ಪ ಕಾಲ ಇದ್ದು ಬಂದ ನೀಲ್‌ಗೆ ವಾರ್ನರ್ ಬ್ರದರ್ಸ್‌ನ ನ್ಯೂಯಾರ್ಕ್ ಆಫೀಸಿನಲ್ಲಿ ಟಪಾಲು ವಿಂಗಡಿಸುವ ಕೆಲಸ ಸಿಕ್ಕಿತು. ಅಣ್ಣ ತಮ್ಮ ಜೊತೆಯಾಗಿ ರೇಡಿಯೋಗೆ, ಆಮೇಲೆ ಟೀವಿಗೆ ಕಾಮಿಡಿ ಬರೆಯತೊಡಗಿದರು.

1950ರ ದಶಕದಲ್ಲಿ ಸಿಡ್ ಸೀಸರ್ ಎಂಬ ಹಾಸ್ಯನಟನ 'ಯುವರ್ ಶೋ ಆಫ್ ಶೋಸ್' ಅಮೆರಿಕದಲ್ಲಿ ಮನೆಮಾತು. ಶನಿವಾರ ರಾತ್ರಿ ಒಂದೂವರೆ ಗಂಟೆ, ನೇರ ಪ್ರಸಾರ. ತಪ್ಪಿದರೆ ತಿದ್ದಲು ಅವಕಾಶವೇ ಇಲ್ಲ. ಬರೆಯುವವರ ಕೋಣೆಯಲ್ಲಿ ಮೆಲ್ ಬ್ರೂಕ್ಸ್, ಮೆಲ್ ಟೋಲ್ಕಿನ್, ಲೂಸಿಲ್ ಕ್ಯಾಲನ್‌ರಂಥ ಘಟಾನುಘಟಿಗಳು. ಎಲ್ಲರೂ ಒಟ್ಟಿಗೇ ಕಿರುಚುವುದು, ಮೇಜು ಕುಟ್ಟುವುದು. ನೀಲ್ ಸಂಕೋಚದ ಮನುಷ್ಯ. ಆ ಗಲಾಟೆಯಲ್ಲಿ ಅವರ ದನಿ ಏಳುತ್ತಿರಲಿಲ್ಲ. ಹಾಗಾಗಿ ನಟ ಕಾರ್ಲ್ ರೈನರ್ ಪಕ್ಕ ಕೂತು ತಮ್ಮ ಜೋಕನ್ನು ಅವರ ಕಿವಿಯಲ್ಲಿ ಹೇಳುತ್ತಿದ್ದರು. ರೈನರ್ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದರು.

ಈ ಕೋಣೆಯನ್ನೇ ಸೈಮನ್ 1993ರಲ್ಲಿ 'ಲಾಫ್ಟರ್ ಆನ್ ದ 23ರ್ಡ್ ಫ್ಲೋರ್' ಎಂಬ ನಾಟಕ ಮಾಡಿದರು.

ಮೊದಲ ನಾಟಕವೇ ಹಿಟ್ ಅಂತೆ. ಅದೃಷ್ಟ ಅಲ್ವಾ?

'ಕಮ್ ಬ್ಲೋ ಯುವರ್ ಹಾರ್ನ್' 1961ರ ಫೆಬ್ರುವರಿಯಲ್ಲಿ ಶುರುವಾಗಿ 677 ಪ್ರದರ್ಶನ ಕಂಡಿತು. ಆದರೆ ಅದನ್ನು ಬರೆಯಲು ಸುಮಾರು ಮೂರು ವರ್ಷ ಹಿಡಿದಿತ್ತು. ಟೀವಿ ಕೆಲಸದ ಬಿಡುವಿನಲ್ಲಿ ಬರೆದು, ಹೊಡೆದುಹಾಕಿ, ಮೊದಲ ಪುಟದಿಂದ ಮತ್ತೆ ಬರೆದು, ಹೀಗೆ ಇಪ್ಪತ್ತರಷ್ಟು ಸಲ. ಅಪ್ಪನ ಅಧಿಕಾರದಿಂದ ತಪ್ಪಿಸಿಕೊಳ್ಳುವ ಅಣ್ಣ ತಮ್ಮಂದಿರ ಕಥೆ. ಆ ಅಪ್ಪನ ಉದ್ಯಮ ಮೇಣದ ಹಣ್ಣು ಮಾಡಿ ಮಾರುವುದು.

ನನ್ನ ಮಟ್ಟಿಗೆ ಸೈಮನ್ ಅವರ ನಿಜವಾದ ಪ್ರತಿಭೆ ಜೋಕಿನಲ್ಲಿಲ್ಲ. ಆ ಕೋಣೆಯಲ್ಲಿ ಜೋಕು ಎಲ್ಲರಿಗೂ ಬರುತ್ತಿತ್ತು. ಬರೆದದ್ದನ್ನು ನಾಚಿಕೆಯಿಲ್ಲದೆ ಹರಿದು ಹಾಕಿ ಮತ್ತೆ ಕೂರುವುದು ಮಾತ್ರ ಎಲ್ಲರಿಗೂ ಬರುವುದಿಲ್ಲ. 1996ರಲ್ಲಿ ಬಂದ ಅವರ ಮೊದಲ ಆತ್ಮಕಥನದ ಹೆಸರೇ 'ರೀರೈಟ್ಸ್'.

## ನಾಟಕಗಳ ಬಗ್ಗೆ

ಯಾವುದರಿಂದ ಓದಲು ಶುರು ಮಾಡಲಿ?

'ದಿ ಆಡ್ ಕಪಲ್'. ಎರಡನೆಯದು 'ಲಾಸ್ಟ್ ಇನ್ ಯಾಂಕರ್ಸ್'. ಈ ಎರಡರ ನಡುವೆ ಇಪ್ಪತ್ತಾರು ವರ್ಷ. ಒಬ್ಬ ಬರಹಗಾರ ಎಲ್ಲಿಂದ ಎಲ್ಲಿಗೆ ಹೋದ ಅಂತ ಗೊತ್ತಾಗುತ್ತದೆ. ಸಮಯ ಕಡಿಮೆ ಇದ್ದರೆ 'ಪ್ಲಾಜಾ ಸ್ವೀಟ್' ಓದಿ. ಹೋಟೆಲಿನ ಒಂದೇ ಕೋಣೆ, ನಂಬರ್ 719, ಅದರಲ್ಲಿ ನಡೆಯುವ ಮೂರು ಪುಟ್ಟ ನಾಟಕಗಳು. ಮೂರನೆಯದರಲ್ಲಿ ಮದುಮಗಳು ಬಾತ್‌ರೂಮಿನೊಳಗೆ ಸೇರಿ ಚಿಲಕ ಹಾಕಿಕೊಂಡಿದ್ದಾಳೆ. ಕೆಳಗೆ ಮದುವೆಗೆ ಬಂದ ಜನ ಕಾಯುತ್ತಿದ್ದಾರೆ. ಹೊರಗೆ ಅಪ್ಪ ಅಮ್ಮನ ಪೇಚಾಟ. ನಮ್ಮ ಕಲ್ಯಾಣ ಮಂಟಪಗಳನ್ನು ಕಂಡವರಿಗೆ ವಿವರಿಸಿ ಹೇಳಬೇಕಿಲ್ಲ.

'ಬೇರ್‌ಫುಟ್ ಇನ್ ದ ಪಾರ್ಕ್' ನಲ್ಲಿ ಏನೂ ನಡೆಯೋದೇ ಇಲ್ಲ. ಅಷ್ಟು ದೊಡ್ಡ ಹಿಟ್ ಹೇಗಾಯ್ತು?

ನಡೆಯುತ್ತದೆ. ಎಲ್ಲರೂ ಮೆಟ್ಟಿಲು ಹತ್ತುತ್ತಾರೆ!

ತಮಾಷೆಗೆ ಹೇಳುತ್ತಿಲ್ಲ. ಹೊಸದಾಗಿ ಮದುವೆಯಾದ ಪಾಲ್ ಮತ್ತು ಕೋರಿ ಲಿಫ್ಟ್ ಇಲ್ಲದ ಕಟ್ಟಡದ ಐದನೇ ಮಹಡಿಯ ಪುಟ್ಟ ಮನೆಗೆ ಬರುತ್ತಾರೆ. ಟೆಲಿಫೋನ್ ಹಾಕುವವನು, ಸಾಮಾನು ತರುವವನು, ಗಂಡ, ಅತ್ತೆ, ಯಾರೇ ಒಳಗೆ ಬಂದರೂ ಏದುಸಿರು. ಒಬ್ಬೊಬ್ಬರ ಏದುಸಿರು ಒಂದೊಂದು ಥರ. ಮಾತು ಶುರುವಾಗುವ ಮೊದಲೇ ಆ ಮನುಷ್ಯ ಎಂಥವನು ಅಂತ ಪ್ರೇಕ್ಷಕರಿಗೆ ತಿಳಿದುಬಿಡುತ್ತದೆ. ಮಾಡಿನ ಗಾಜಿನಲ್ಲಿ ತೂತು, ಅದರಿಂದ ಹಿಮ ಬೀಳುತ್ತದೆ. ಸೈಮನ್ ಮತ್ತು ಅವರ ಮೊದಲ ಹೆಂಡತಿ ಜೋನ್ ಗ್ರೀನಿಚ್ ವಿಲೇಜ್‌ನಲ್ಲಿ ಮಾಡಿದ್ದ ಮೊದಲ ಮನೆಯಿಂದ ಬಂದ ವಿವರಗಳಿವು.

1963ರ ಅಕ್ಟೋಬರಿನಲ್ಲಿ ಬ್ರಾಡ್‌ವೇಗೆ ಬಂತು. ರಾಬರ್ಟ್ ರೆಡ್‌ಫೋರ್ಡ್ ಮತ್ತು ಎಲಿಜಬೆತ್ ಆಶ್ಲಿ ನಟಿಸಿದರು. ಮೈಕ್ ನಿಕೋಲ್ಸ್ ಬ್ರಾಡ್‌ವೇಯಲ್ಲಿ ನಿರ್ದೇಶಿಸಿದ ಮೊದಲ ನಾಟಕವೂ ಇದೇ. ಒಟ್ಟು 1,530 ಪ್ರದರ್ಶನ. ಸೈಮನ್ ಅವರ ಬೇರೆ ಯಾವ ನಾಟಕವೂ ಇಷ್ಟು ಕಾಲ ಓಡಲಿಲ್ಲ.

'ಆಡ್ ಕಪಲ್' ನಿಜವಾಗಿ ನಡೆದ ಕಥೆನಾ?

ಬೀಜ ನಿಜದ್ದು. ಅಣ್ಣ ಡ್ಯಾನಿ ವಿಚ್ಛೇದನದ ನಂತರ, ಅದೇ ಸ್ಥಿತಿಯಲ್ಲಿದ್ದ ಒಬ್ಬ ಗೆಳೆಯನ ಜೊತೆ ಮನೆ ಮಾಡಿದರು. ಡ್ಯಾನಿಗೆ ಅಡುಗೆ ಮಾಡಿ ಬಡಿಸುವ ಉತ್ಸಾಹ, ಎಲ್ಲ ಒಪ್ಪವಾಗಿರಬೇಕೆಂಬ ಹಟ. ಕೆಲವೇ ದಿನಗಳಲ್ಲಿ ಇಬ್ಬರೂ ಗಂಡ ಹೆಂಡತಿಯಂತೆ ಜಗಳ ಆಡತೊಡಗಿದರು. ಇದರಲ್ಲಿ ನಾಟಕ ಇದೆ ಅಂತ ಡ್ಯಾನಿಗೇ ಮೊದಲು ಹೊಳೆದು, ಬರೆಯಲೂ ಕೂತರು. ಕೆಲವು ಪುಟ ದಾಟಲಿಲ್ಲ. ತಮ್ಮ ಬರೆದು ಮುಗಿಸಿದರು.

ಡ್ಯಾನಿಯನ್ನು ಇದೊಂದೇ ಕಾರಣಕ್ಕೆ ನೆನೆಯುವುದು ಅನ್ಯಾಯ. ಹಾಸ್ಯ ಬರೆಯುವುದನ್ನು ತಾನು ಕಲಿತದ್ದೆಲ್ಲ ಡ್ಯಾನಿ ಸೈಮನ್‌ರಿಂದ ಅಂತ ಸಿನಿಮಾ ನಿರ್ದೇಶಕ ವುಡಿ ಆಲನ್ ಹೇಳಿದ್ದಾರೆ.

ಆ ನಾಟಕದ ಮೂರನೇ ಅಂಕವನ್ನು ಒಬ್ಬ ವಿಮರ್ಶಕ ಸರಿಪಡಿಸಿದ ಅಂತಾರೆ. ಹೌದಾ?

ಹೌದು. ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು, ಯಾಕೆಂದರೆ ಸೈಮನ್ ಹೇಗೆ ಕೆಲಸ ಮಾಡುತ್ತಿದ್ದರು ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲು ಕಥೆ. ಆಸ್ಕರ್ ಮ್ಯಾಡಿಸನ್ ಕ್ರೀಡಾ ಪತ್ರಕರ್ತ, ಹೆಂಡತಿ ಬಿಟ್ಟು ಹೋಗಿದ್ದಾಳೆ, ಮನೆ ತಿಪ್ಪೆ. ವಾರಕ್ಕೊಮ್ಮೆ ಗೆಳೆಯರು ಪೋಕರ್ ಎಂಬ ಇಸ್ಪೀಟಾಟ ಆಡಲು ಸೇರುತ್ತಾರೆ. ಹೆಂಡತಿ ಹೊರಗಟ್ಟಿದ ಫೀಲಿಕ್ಸ್ ಅಂಗರ್ ಅಲ್ಲಿಗೆ ಬರುತ್ತಾನೆ. ಆಸ್ಕರ್ ಅವನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾನೆ. ಎರಡನೇ ಅಂಕದ ಕೊನೆಗೆ ಮೇಲಿನ ಮಹಡಿಯ ಇಂಗ್ಲಿಷ್ ಅಕ್ಕತಂಗಿಯರನ್ನು, ಪಿಜನ್ ಸಿಸ್ಟರ್ಸ್, ಊಟಕ್ಕೆ ಕರೆದಿರುತ್ತಾರೆ. ಆಸ್ಕರ್‌ಗೆ ಸರಸದ ಕನಸು. ಅವನು ಒಂದು ಗಳಿಗೆ ಒಳಗೆ ಹೋಗಿ ಬರುವಷ್ಟರಲ್ಲಿ ಫೀಲಿಕ್ಸ್ ಹೆಂಡತಿ ಮಕ್ಕಳ ಫೋಟೋ ತೋರಿಸಿ ಅಳುತ್ತಿರುತ್ತಾನೆ, ಆ ಇಬ್ಬರೂ ಅವನ ಜೊತೆ ಅಳುತ್ತಿರುತ್ತಾರೆ.

ನಟರು ಮೊದಲ ಸಲ ಕೂತು ಓದಿದಾಗಲೇ ಗೊತ್ತಾಯಿತು. ಎರಡು ಅಂಕ ಬಿದ್ದು ಬಿದ್ದು ನಗುವ ಹಾಗಿತ್ತು, ಮೂರನೆಯದು ನೆಲಕಚ್ಚಿತು. ಆಗೆಲ್ಲ ನ್ಯೂಯಾರ್ಕಿಗೆ ಬರುವ ಮುನ್ನ ಬೇರೆ ಊರುಗಳಲ್ಲಿ ಆಡಿ ನೋಡುವ ಪದ್ಧತಿ. ಹಗಲು ತಿದ್ದುವುದು, ಸಂಜೆ ಆಡುವುದು, ಎಲ್ಲಿ ನಗು ಬಂತು, ಎಲ್ಲಿ ಕೆಮ್ಮು ಬಂತು ಅಂತ ಹಿಂದೆ ನಿಂತು ಕೇಳುವುದು. ಸೈಮನ್ ಮೂರನೇ ಅಂಕವನ್ನು ಮತ್ತೆ ಮತ್ತೆ ಬರೆದರು. ಬಾಸ್ಟನ್ ಪ್ರದರ್ಶನದ ಹೊತ್ತಿಗೂ ತೃಪ್ತಿ ಇರಲಿಲ್ಲ. ಅಲ್ಲಿನ ವಿಮರ್ಶಕ ಎಲಿಯಟ್ ನಾರ್ಟನ್ ಟೀವಿ ಸಂದರ್ಶನದಲ್ಲಿ ಒಂದು ಮಾತು ಅಂದರು: ಕೊನೆಯ ಅಂಕದಲ್ಲಿ ಆ ಪಿಜನ್ ಅಕ್ಕತಂಗಿಯರು ಇಲ್ಲವಲ್ಲ, ಅವರು ಮತ್ತೆ ಬರಬೇಕಿತ್ತು ಅನಿಸಿತು.

ಸೈಮನ್‌ಗೆ ಅಷ್ಟು ಸಾಕಾಯಿತು. ಮನೆಯಿಂದ ದಬ್ಬಿಸಿಕೊಂಡ ಫೀಲಿಕ್ಸ್ ಎಲ್ಲಿ ಹೋದನೋ, ಏನು ಮಾಡಿಕೊಂಡನೋ ಅಂತ ಎಲ್ಲರೂ ಕಂಗಾಲಾಗಿರುವಾಗ ಆ ಅಕ್ಕತಂಗಿಯರು ಬರುತ್ತಾರೆ. ಫೀಲಿಕ್ಸ್ ಇನ್ನು ತಮ್ಮ ಮನೆಯಲ್ಲಿರುತ್ತಾನೆ ಅಂತ ಸಾರುತ್ತಾರೆ. ಆಸ್ಕರ್ ಬಯಸಿದ್ದೆಲ್ಲ ಏನೂ ಬಯಸದ ಫೀಲಿಕ್ಸ್‌ಗೆ ಸಿಕ್ಕಿಬಿಟ್ಟಿದೆ! ನಾಟಕ ಗಟ್ಟಿಯಾಗಿ ನಿಂತಿತು.

1965ರ ಮಾರ್ಚ್ 10ರಂದು ನ್ಯೂಯಾರ್ಕಿನಲ್ಲಿ ಶುರುವಾಯಿತು. ವಾಲ್ಟರ್ ಮ್ಯಾಥೌ ಆಸ್ಕರ್, ಆರ್ಟ್ ಕಾರ್ನಿ ಫೀಲಿಕ್ಸ್. ಸೈಮನ್, ಮ್ಯಾಥೌ, ನಿರ್ದೇಶಕ ನಿಕೋಲ್ಸ್ ಮೂವರಿಗೂ ಟೋನಿ ಬಂತು, ಬ್ರಾಡ್‌ವೇಯ ಅತಿ ದೊಡ್ಡ ಪ್ರಶಸ್ತಿ. ವಿಮರ್ಶೆ ಓದಿ ಮುನಿಸಿಕೊಳ್ಳುವ ನಾಟಕಕಾರರು ಬೇಕಾದಷ್ಟು ಇದ್ದಾರೆ. ವಿಮರ್ಶಕ ಹೇಳಿದ್ದನ್ನು ಹೋಟೆಲ್ ರೂಮಿಗೆ ಒಯ್ದು ಟೈಪ್‌ರೈಟರ್ ಮುಂದೆ ಕೂರುವವರು ಎಷ್ಟು ಜನ?

ಒಂದೇ ಕಾಲಕ್ಕೆ ನಾಲ್ಕು ನಾಟಕ ಓಡ್ತಿದ್ವಂತೆ. ಇದು ಬಡಾಯಿ ಇರಬೇಕು.

ಬಡಾಯಿ ಅಲ್ಲ. 1966ರ ಕೊನೆಯಿಂದ 1967ರವರೆಗೆ 'ಬೇರ್‌ಫುಟ್ ಇನ್ ದ ಪಾರ್ಕ್', 'ದಿ ಆಡ್ ಕಪಲ್', 'ಸ್ವೀಟ್ ಚಾರಿಟಿ', 'ದ ಸ್ಟಾರ್ ಸ್ಪ್ಯಾಂಗಲ್ಡ್ ಗರ್ಲ್' ನಾಲ್ಕೂ ಬ್ರಾಡ್‌ವೇಯಲ್ಲಿದ್ದವು. 'ಸ್ವೀಟ್ ಚಾರಿಟಿ' ಸಂಗೀತ ನಾಟಕ, ಸೈಮನ್ ಬರೆದದ್ದು ಅದರ ಕಥೆ ಮತ್ತು ಸಂಭಾಷಣೆ. ನಾಲ್ಕನೆಯದು ಸಪ್ಪೆ. ಈ ಸಲ ಸೈಮನ್ ಹತ್ತಿರ ನಾಟಕಕ್ಕೆ ವಿಷಯವೇ ಇರಲಿಲ್ಲ, ಆದರೂ ಬರೆದುಬಿಟ್ಟರು ಎಂಬರ್ಥದಲ್ಲಿ ವಿಮರ್ಶಕ ವಾಲ್ಟರ್ ಕರ್ ಚುಚ್ಚಿದರು.

ಹಾಗಾದ್ರೆ ಕೋಟ್ಯಧಿಪತಿ ಆಗಿರಬೇಕು?

ಆದರು. ಒಂದು ಕಾಲದಲ್ಲಿ ಬ್ರಾಡ್‌ವೇಯ ಯೂಜೀನ್ ಓನೀಲ್ ಥಿಯೇಟರಿನ ಮಾಲೀಕರೂ ಅವರೇ ಆಗಿದ್ದರು. ಆದರೆ ದೊಡ್ಡದೊಂದು ಕೈತಪ್ಪಿತು. 'ದಿ ಆಡ್ ಕಪಲ್' 1968ರಲ್ಲಿ ಸಿನಿಮಾ ಆಯಿತು, ಆಮೇಲೆ 1970ರಿಂದ 1975ರವರೆಗೆ ಟೀವಿ ಧಾರಾವಾಹಿ. ಎಷ್ಟೋ ವರ್ಷ ಮರುಪ್ರಸಾರವೂ ಆಯಿತು. ಹಕ್ಕುಗಳನ್ನು ಮೊದಲೇ ಮಾರಿಬಿಟ್ಟಿದ್ದರಿಂದ ಧಾರಾವಾಹಿಯಿಂದ ಸೈಮನ್‌ಗೆ ಬಿಡಿಗಾಸೂ ಬರಲಿಲ್ಲ.

## ಇನ್ನೂ ಒಳಗೆ

ಬರೀ ಜೋಕು ಪೋಣಿಸಿದ ಹಾಗಿದೆ. ಇವರನ್ನು ಸಾಹಿತ್ಯ ಅಂತ ಯಾಕೆ ಓದಬೇಕು?

ಈ ಆಕ್ಷೇಪ ಅವರ ಕಾಲದಲ್ಲೇ ಇತ್ತು, ಅದರಲ್ಲಿ ಹುರುಳೂ ಇದೆ. 1960ರ ದಶಕದ ನಾಟಕಗಳಲ್ಲಿ ಎಲ್ಲ ಪಾತ್ರಗಳೂ ಒಂದೇ ಚುರುಕಿನಲ್ಲಿ ಮಾತಾಡುತ್ತವೆ. ಅತ್ತೆಯೂ ಜಾಣೆ, ಫೋನ್ ರಿಪೇರಿಯವನೂ ಜಾಣ. ಕೊನೆಗೆ ಬಂದಾಗ ನೋವನ್ನು ಸ್ವಲ್ಪ ಸಕ್ಕರೆ ಹಾಕಿ ಮುಗಿಸುವ ಚಾಳಿಯೂ ಇದೆ. 1970ರ 'ದ ಜಿಂಜರ್‌ಬ್ರೆಡ್ ಲೇಡಿ' ಕುಡಿತದಿಂದ ಹಾಳಾದ ಗಾಯಕಿಯ ಕಥೆ. ಬಾಸ್ಟನ್‌ನಲ್ಲಿ ಅದು ತೀರಾ ಕರಾಳವಾಗಿ ಕಂಡಿತು. ಕೊನೆಯನ್ನು ಬದಲಿಸಿ ಒಂದಿಷ್ಟು ಆಸೆ ಸೇರಿಸಿ ನ್ಯೂಯಾರ್ಕಿಗೆ ತಂದರು. ತಿದ್ದಿ ಬರೆಯುವ ಅದೇ ಗುಣ ಇಲ್ಲಿ ನಾಟಕವನ್ನು ಬಲಗೊಳಿಸಲಿಲ್ಲ ಅಂತ ನನಗನಿಸುತ್ತದೆ. ಮುಖ್ಯ ಪಾತ್ರ ಮಾಡಿದ ಮೊರೀನ್ ಸ್ಟೇಪಲ್‌ಟನ್‌ಗೆ ಮಾತ್ರ ಟೋನಿ ಬಂತು.

ಆದರೂ 'ಬರೀ ಜೋಕು' ಅನ್ನುವುದನ್ನು ಒಪ್ಪಲಾರೆ. ಸೈಮನ್ ಪಾತ್ರಗಳು ತಮಾಷೆ ಮಾಡಲು ಮಾತಾಡುವುದಿಲ್ಲ. ಆಸ್ಕರ್ ಫ್ರಿಜ್‌ನಿಂದ ತಂದ ಸ್ಯಾಂಡ್‌ವಿಚ್ಚುಗಳಲ್ಲಿ ಹಸಿರು ಬೇಕೋ, ಕಂದು ಬೇಕೋ ಅಂತ ಗೆಳೆಯರಿಗೆ ಆಯ್ಕೆ ಕೊಡುತ್ತಾನೆ. ಹಸಿರು ಯಾವುದರದ್ದು ಅಂತ ಅವನಿಗೇ ಖಾತ್ರಿ ಇಲ್ಲ. ಪ್ರೇಕ್ಷಕರು ನಗುತ್ತಾರೆ. ಆಸ್ಕರ್ ನಗುವುದಿಲ್ಲ, ಅವನು ಉಪಚಾರ ಮಾಡುತ್ತಿದ್ದಾನೆ. ಆ ಮನೆಯಲ್ಲಿ ಕೆಟ್ಟುಹೋದ ಫ್ರಿಜ್ಜು, ಕಟ್ಟದ ಬಾಕಿ, ಫೋನಿನಲ್ಲಿ ಕೇಳುವ ಮಗನ ದನಿ, ಇಷ್ಟರಲ್ಲಿ ಒಬ್ಬ ಒಂಟಿ ಗಂಡಸಿನ ಬದುಕು ಪೂರ್ತಿ ಕಾಣುತ್ತದೆ.

ಹಣ ಮಾಡಿದವರನ್ನು, ನಗಿಸಿದವರನ್ನು ಗಂಭೀರವಾಗಿ ತೆಗೆದುಕೊಳ್ಳಲು ಪಂಡಿತರಿಗೆ ಎಲ್ಲ ಕಡೆಯೂ ಕಷ್ಟವೇ. ಸೈಮನ್‌ಗೆ ಎರಡೂ ದೋಷ ಇದ್ದವು.

ಹೆಂಡತಿ ತೀರಿಕೊಂಡ ಕೆಲವೇ ತಿಂಗಳಲ್ಲಿ ಮತ್ತೆ ಮದುವೆಯಾಗಿ, ಅದನ್ನೇ ನಾಟಕ ಮಾಡಿದ್ರಂತೆ. ಇದು ಸರಿನಾ?

ಸರಿ ತಪ್ಪು ನೀವೇ ಹೇಳಿ. ನಡೆದದ್ದು ಇಷ್ಟು. ಜೋನ್ ಬೈಮ್ ನೃತ್ಯಗಾರ್ತಿ. 1953ರಲ್ಲಿ ಮದುವೆ, ಇಬ್ಬರು ಹೆಣ್ಣುಮಕ್ಕಳು. 1973ರ ಜುಲೈಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಚೆಕಾವ್ ಕಥೆಗಳನ್ನು ಆಧರಿಸಿದ 'ದ ಗುಡ್ ಡಾಕ್ಟರ್' ನಾಟಕಕ್ಕೆ ನಟರನ್ನು ಆರಿಸುವಾಗ ಮಾರ್ಶಾ ಮೇಸನ್ ಪರಿಚಯವಾಯಿತು. ಅಕ್ಟೋಬರಿನಲ್ಲಿ ಮದುವೆಯಾಯಿತು.

1977ರ 'ಚಾಪ್ಟರ್ ಟೂ' ನಾಟಕದ ಜಾರ್ಜ್ ಹೆಂಡತಿಯನ್ನು ಕಳೆದುಕೊಂಡ ಲೇಖಕ, ಜೆನ್ನಿ ನಟಿ. ಆತುರದ ಮದುವೆ. ಸಂತೋಷವಾಗಿದ್ದೇನೆ ಎಂಬುದೇ ಜಾರ್ಜ್‌ಗೆ ಸತ್ತವಳಿಗೆ ಮಾಡಿದ ದ್ರೋಹದಂತೆ ಕಾಣುತ್ತದೆ, ಆ ಸಿಟ್ಟನ್ನು ಹೊಸ ಹೆಂಡತಿಯ ಮೇಲೆ ತೀರಿಸುತ್ತಾನೆ. ಸೈಮನ್ ತಮ್ಮನ್ನು ಒಳ್ಳೆಯವನಾಗಿ ತೋರಿಸಿಕೊಂಡಿಲ್ಲ. ಗಟ್ಟಿ ಮಾತುಗಳೆಲ್ಲ ಜೆನ್ನಿ ಪಾಲಿಗೆ. ಸಿನಿಮಾದಲ್ಲಿ ಆ ಪಾತ್ರವನ್ನು ಮಾರ್ಶಾ ಅವರೇ ಮಾಡಿ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು. 1983ರಲ್ಲಿ ಅವರಿಬ್ಬರೂ ಬೇರೆಯಾದರು. ಆಮೇಲೆ ಸೈಮನ್ ಡಯಾನ್ ಲ್ಯಾಂಡರ್ ಅವರನ್ನು ಎರಡು ಸಲ ಮದುವೆಯಾದರು, 1999ರಲ್ಲಿ ಇಲೇನ್ ಜಾಯ್ಸ್ ಅವರನ್ನು.

ಯೂಜೀನ್ ಜೆರೋಮ್ ನಾಟಕಗಳು ಆತ್ಮಕಥೆನಾ, ಕಲ್ಪನೆನಾ?

ಮೂರು ನಾಟಕಗಳು: 'ಬ್ರೈಟನ್ ಬೀಚ್ ಮೆಮ್ವಾರ್ಸ್' (1983), 'ಬಿಲಾಕ್ಸಿ ಬ್ಲೂಸ್' (1985), 'ಬ್ರಾಡ್‌ವೇ ಬೌಂಡ್' (1986). ಯೂಜೀನ್ ಎಂಬ ಹುಡುಗ ಬೆಳೆದು, ಸೈನ್ಯಕ್ಕೆ ಹೋಗಿ, ಅಣ್ಣನ ಜೊತೆ ಕಾಮಿಡಿ ಬರೆಯುವವರೆಗಿನ ಕಥೆ.

ತಾಳೆ ಹಾಕಿ ನೋಡಿದರೆ ಕುತೂಹಲದ ಸಂಗತಿ ಸಿಗುತ್ತದೆ. ಮೊದಲ ನಾಟಕದ ಅಪ್ಪ ಜ್ಯಾಕ್ ಎರಡು ಕೆಲಸ ಮಾಡಿ, ಹೆಂಡತಿಯ ತಂಗಿ ಮತ್ತು ಅವಳ ಇಬ್ಬರು ಹೆಣ್ಣುಮಕ್ಕಳನ್ನೂ ಸಾಕುತ್ತಾನೆ. ಮಕ್ಕಳು ಅವನ ಹತ್ತಿರ ಬುದ್ಧಿ ಕೇಳಲು ಬರುತ್ತಾರೆ. ಅಂದರೆ ಸೈಮನ್ ತಮಗೆ ಸಿಗದ ಅಪ್ಪನನ್ನು ಬರೆದರು. ಮೂರು ವರ್ಷದ ನಂತರ 'ಬ್ರಾಡ್‌ವೇ ಬೌಂಡ್' ಬರೆಯುವಾಗ ಅದೇ ಜ್ಯಾಕ್ ಮನೆ ಬಿಟ್ಟು ಹೋಗುತ್ತಾನೆ. ಐವತ್ತೊಂಬತ್ತರ ವಯಸ್ಸಿಗೆ ಆ ಬಾಗಿಲನ್ನು ರಂಗದ ಮೇಲೆ ತೆರೆಯಲು ಧೈರ್ಯ ಬಂತು.

ಅದೇ ನಾಟಕದಲ್ಲಿ ಅಮ್ಮ ಕೇಟ್ ತಾನು ಹುಡುಗಿಯಾಗಿದ್ದಾಗ ಮುಂದೆ ಸಿನಿಮಾ ತಾರೆಯಾದ ಜಾರ್ಜ್ ರಾಫ್ಟ್ ಜೊತೆ ಕುಣಿದ ರಾತ್ರಿಯನ್ನು ಮಗನಿಗೆ ಹೇಳುತ್ತಾಳೆ. ಮಗ ರೇಡಿಯೋ ಹಾಕಿ, ಅಡುಗೆ ಕೆಲಸ ಬಿಡಿಸಿ, ಅಮ್ಮನ ಜೊತೆ ಕುಣಿಯುತ್ತಾನೆ. ಜೋಕು ಹೆಚ್ಚಿಲ್ಲ. ಸೈಮನ್ ಬರೆದ ಅತ್ಯುತ್ತಮ ದೃಶ್ಯ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ಕೇಟ್ ಪಾತ್ರಕ್ಕೆ ಲಿಂಡಾ ಲಾವಿನ್ ಟೋನಿ ಗೆದ್ದರು. 'ಬಿಲಾಕ್ಸಿ ಬ್ಲೂಸ್' ಅತ್ಯುತ್ತಮ ನಾಟಕದ ಟೋನಿ ಪಡೆಯಿತು.

ಪುಲಿಟ್ಜರ್ ಅಷ್ಟು ತಡವಾಗಿ ಯಾಕೆ ಬಂತು?

ಪತ್ರಿಕೋದ್ಯಮ, ಸಾಹಿತ್ಯ, ನಾಟಕಕ್ಕೆ ಅಮೆರಿಕದಲ್ಲಿ ಕೊಡುವ ಈ ದೊಡ್ಡ ಪ್ರಶಸ್ತಿ ಬಂದದ್ದು 1991ರಲ್ಲಿ, 'ಲಾಸ್ಟ್ ಇನ್ ಯಾಂಕರ್ಸ್' ನಾಟಕಕ್ಕೆ. ಕಾಲ 1942. ಹೆಂಡತಿಯ ಕ್ಯಾನ್ಸರ್ ಚಿಕಿತ್ಸೆಗೆ ಬಡ್ಡಿಸಾಲ ಮಾಡಿದ ಎಡ್ಡಿ, ಅವಳು ಸತ್ತ ಮೇಲೆ ಸಾಲ ತೀರಿಸಲು ಊರೂರು ತಿರುಗುವ ಕೆಲಸ ಹಿಡಿಯುತ್ತಾನೆ. ಇಬ್ಬರು ಗಂಡುಮಕ್ಕಳನ್ನು ತನ್ನ ಅಮ್ಮನ ಮನೆಯಲ್ಲಿ ಬಿಡುತ್ತಾನೆ. ಮಿಠಾಯಿ ಅಂಗಡಿಯ ಮೇಲಿನ ಮನೆ. ಆ ಅಜ್ಜಿ ಜರ್ಮನಿಯಲ್ಲಿ ಪೆಟ್ಟು ತಿಂದು ಬೆಳೆದವಳು, ಅಳುವ ಮಕ್ಕಳನ್ನು ಕಂಡರೆ ಆಗದು. ಮಗುವಿನ ಮನಸ್ಸಿನ ಮಗಳು ಬೆಲ್ಲಾ ಅವಳ ಜೊತೆಗಿದ್ದಾಳೆ.

ಬೆಲ್ಲಾ ತನಗೂ ಮದುವೆ ಬೇಕು, ಮಕ್ಕಳು ಬೇಕು ಅಂತ ಇಡೀ ಮನೆಯವರನ್ನು ಕೂರಿಸಿ ಹೇಳುವ ದೃಶ್ಯ ಇದೆ. ಯಾರು ಎಲ್ಲಿ ಕೂರಬೇಕು ಅಂತ ಅವಳೇ ಜಾಗ ತೋರಿಸುತ್ತಾಳೆ. ಮೊದಮೊದಲು ಜನ ನಗುತ್ತಾರೆ. ಅವಳು ಮಾತು ಮುಗಿಸುವಾಗ ನಗು ನಿಂತಿರುತ್ತದೆ, ಅಜ್ಜಿ ಒಂದೂ ಮಾತಾಡದೆ ಎದ್ದು ಕೋಣೆಗೆ ಹೋಗುತ್ತಾಳೆ. ಇಪ್ಪತ್ತು ವರ್ಷ ಮೊದಲಿನ ಸೈಮನ್ ಆಗಿದ್ದರೆ ಆ ಮೌನಕ್ಕೊಂದು ಚಟಾಕಿ ಹಾರಿಸುತ್ತಿದ್ದರು. ತಡವಾಗಿ ಯಾಕೆ ಬಂತು ಅನ್ನುವುದಕ್ಕೆ ನನ್ನ ಉತ್ತರ ಇದು: ಇಂಥ ನಾಟಕವನ್ನು ಅವರು ಅದಕ್ಕೂ ಮುಂಚೆ ಬರೆದಿರಲಿಲ್ಲ.

ಇವತ್ತಿಗೆ ಹಳತಾಗಿಲ್ವಾ? ಹೆಂಗಸರ ಪಾತ್ರಗಳಂತೂ...

ಕೆಲವು ಹಳತಾಗಿವೆ. 'ಆಡ್ ಕಪಲ್'ನ ಪಿಜನ್ ಅಕ್ಕತಂಗಿಯರು ಬರೀ ಕಿಲಕಿಲ. 1985ರಲ್ಲಿ ಸೈಮನ್ ಇದೇ ನಾಟಕವನ್ನು ಇಬ್ಬರು ಹೆಂಗಸರಿಗೆ ತಿರುಗಿಸಿ ಬರೆದರು. ಆಲಿವ್ ಮತ್ತು ಫ್ಲಾರೆನ್ಸ್, ಪೋಕರ್ ಬದಲು ಟ್ರಿವಿಯಲ್ ಪರ್ಸ್ಯೂಟ್ ಎಂಬ ಕ್ವಿಜ್ ಆಟ, ಇಂಗ್ಲಿಷ್ ಅಕ್ಕತಂಗಿಯರ ಬದಲು ಸ್ಪ್ಯಾನಿಷ್ ಅಣ್ಣತಮ್ಮಂದಿರು. ನಡೆಯುತ್ತದೆ, ಆದರೆ ಮೂಲದಷ್ಟು ಕಸುವಿಲ್ಲ.

2009ರಲ್ಲಿ 'ಬ್ರೈಟನ್ ಬೀಚ್ ಮೆಮ್ವಾರ್ಸ್' ಬ್ರಾಡ್‌ವೇಗೆ ಮರಳಿ ಒಂಬತ್ತೇ ಪ್ರದರ್ಶನಕ್ಕೆ ನಿಂತುಹೋಯಿತು. ಮೊದಲ ಸಲ ಸಾವಿರದ ಇನ್ನೂರಕ್ಕೂ ಹೆಚ್ಚು ಪ್ರದರ್ಶನ ಕಂಡ ನಾಟಕ ಅದು. 2022ರಲ್ಲಿ 'ಪ್ಲಾಜಾ ಸ್ವೀಟ್' ಬಂದಾಗ ಟಿಕೆಟ್ ಚೆನ್ನಾಗಿ ಹೋಯಿತು, ಆದರೆ ಅದರಲ್ಲಿದ್ದವರು ಮ್ಯಾಥ್ಯೂ ಬ್ರಾಡರಿಕ್ ಮತ್ತು ಸಾರಾ ಜೆಸ್ಸಿಕಾ ಪಾರ್ಕರ್ ಎಂಬ ತಾರಾ ದಂಪತಿ. ಸೈಮನ್ ಹೆಸರೊಂದೇ ಬ್ರಾಡ್‌ವೇಯಲ್ಲಿ ಜನ ಸೇರಿಸುವ ಕಾಲ ಮುಗಿದಿದೆ. ಅವರ ಹೆಸರಿನ ಥಿಯೇಟರ್ ಮಾತ್ರ 52ನೇ ಬೀದಿಯಲ್ಲಿದೆ. 1983ರಲ್ಲಿ, ಅವರು ಬದುಕಿದ್ದಾಗಲೇ ಆ ಹೆಸರಿಟ್ಟರು.

## ಆಡಿಸುವವರಿಗೆ

ನಮ್ಮ ತಂಡದಿಂದ ಕನ್ನಡಕ್ಕೆ ತಂದು ಆಡಬೇಕು ಅಂತಿದೀವಿ. ಅನುಮತಿ ಬೇಕಾ? ಹಳೇ ನಾಟಕ ಅಲ್ವಾ?

ಬೇಕು. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಅಂದರೆ 2078ರ ಕೊನೆವರೆಗೆ. ಸೈಮನ್ ನಾಟಕಗಳ ಪ್ರದರ್ಶನದ ಹಕ್ಕನ್ನು ನೋಡಿಕೊಳ್ಳುವುದು ಕಾನ್‌ಕಾರ್ಡ್ ಥಿಯೇಟ್ರಿಕಲ್ಸ್. ಹಳಬರಿಗೆ ಗೊತ್ತಿರುವ ಸ್ಯಾಮ್ಯುಯೆಲ್ ಫ್ರೆಂಚ್ ಈಗ ಅದರ ಭಾಗ. ಅನುವಾದ ಅಥವಾ ರೂಪಾಂತರಕ್ಕೆ ಬೇರೆಯಾಗಿ ಕೇಳಬೇಕು. ಅಮೆರಿಕದ ಕನ್ನಡ ಕೂಟಗಳಲ್ಲಿ ಆಡುವವರಿಗೂ ಇದೇ ಮಾತು, ಅಲ್ಲಿ ಇನ್ನೂ ಕಟ್ಟುನಿಟ್ಟು. ಟಿಕೆಟ್ ಇಲ್ಲ ಅಂದಮಾತ್ರಕ್ಕೆ ಬಿಡುಗಡೆ ಇಲ್ಲ.

ತಾಲೀಮಿನಲ್ಲಿ ನಗು ಬರುತ್ತೆ, ರಂಗದ ಮೇಲೆ ಬರಲ್ಲ. ಎಲ್ಲಿ ತಪ್ತಿದೀವಿ?

ಬಹುಶಃ ನಟರು ತಮಾಷೆ ಮಾಡಲು ಹೊರಟಿದ್ದಾರೆ. ಫೀಲಿಕ್ಸ್‌ಗೆ ತಟ್ಟೆ ಕೆಳಗೆ ಪುಟ್ಟ ಮ್ಯಾಟ್ ಇಡುವುದು ಜೀವನ್ಮರಣದ ಪ್ರಶ್ನೆ. ನಟ ಅದನ್ನು ನಂಬಿದರೆ ಜನ ನಗುತ್ತಾರೆ, ಕಣ್ಣು ಮಿಟುಕಿಸಿದರೆ ನಗುವುದಿಲ್ಲ. ಇನ್ನೊಂದು, ಸೈಮನ್ ವಾಕ್ಯಗಳಲ್ಲಿ ನಗುವಿನ ಪದ ಕೊನೆಗೆ ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಹೋಗಿ ಕೂರುವುದರಿಂದ ಆ ಪದ ನಡುವೆ ಸಿಕ್ಕಿಕೊಳ್ಳುತ್ತದೆ. ವಾಕ್ಯ ಒಡೆಯಿರಿ, ಎರಡು ಮಾಡಿ, ಕ್ರಿಯಾಪದ ನುಂಗಿ. ನಗು ಬಂದಾಗ ಮುಂದಿನ ಮಾತಿಗೆ ತಡೆಯಿರಿ, ಆದರೆ ನಗು ಪೂರ್ತಿ ಇಳಿಯುವವರೆಗೆ ಕಾಯಬೇಡಿ.

ಸೆಟ್ಟಿನ ಬಗ್ಗೆ ಕೇಳಿದವರಿಗೆ ಒಂದು ಮಾತು. 'ಆಡ್ ಕಪಲ್'ನಲ್ಲಿ ಆಸ್ಕರ್ ಒಂದು ತಟ್ಟೆ ಪಾಸ್ತಾವನ್ನು ಅಡುಗೆಮನೆ ಗೋಡೆಗೆ ಎಸೆಯಲೇಬೇಕು, ಆ ದೃಶ್ಯವನ್ನು ಮೂಕಾಭಿನಯದಲ್ಲಿ ಮುಗಿಸಲು ಹೋಗಬೇಡಿ. ಗೋಡೆಗೆ ಒರೆಸಿದರೆ ಹೋಗುವ ಆಯಿಲ್ ಪೇಂಟ್ ಹೊಡೆಸಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಬಕೆಟ್ ಬಟ್ಟೆ ಹಿಡಿದು ನಿಲ್ಲಲು ಒಬ್ಬರನ್ನು ನೇಮಿಸಿ. ಬೆಳಕು ಆರಿದಾಗ ಯಾರಾದರೂ ಆ ಪಾಸ್ತಾದ ಎಣ್ಣೆಯ ಮೇಲೆ ಕಾಲಿಟ್ಟು ಜಾರುವುದು ಖಂಡಿತ.